ಎಟಿಮೆಗಾ 328ಪಿ ಬ್ರೌನ್‌ಔಟ್ ಡಿಟೆಕ್ಟರ್: ವರ್ಷಗಟ್ಟಲೆ ಬಳಸಿದವನ ಅನಿಸಿಕೆ

ಆರ್ಡುಯಿನೋ ಊನೋ ಬೋರ್ಡ್‌ನಲ್ಲಿರುವ ಎಟಿಮೆಗಾ 328ಪಿ ಚಿಪ್ ಬಗ್ಗೆ ಬರೆದವರು ಬೇಕಾದಷ್ಟು ಜನ. ಅದರೊಳಗಿನ ಬ್ರೌನ್‌ಔಟ್ ಡಿಟೆಕ್ಟರ್, ಅಂದರೆ ಸಪ್ಲೈ ವೋಲ್ಟೇಜ್ ಕುಸಿಯುವುದನ್ನು ಗಮನಿಸುವ ಸರ್ಕ್ಯೂಟ್, ಅದರ ಬಗ್ಗೆ ಮಾತ್ರ ಮಾತು ಕಡಿಮೆ. ಡೇಟಾ ಲಾಗರ್, ಪಂಪ್ ಕಂಟ್ರೋಲರ್, ಬ್ಯಾಟರಿಯಲ್ಲಿ ಓಡುವ ಸೆನ್ಸರ್, ಹೀಗೆ ಎಲ್ಲದರಲ್ಲೂ ವರ್ಷಗಳಿಂದ ಇದನ್ನೇ ನಂಬಿಕೊಂಡಿದ್ದೇನೆ. ಸರ್ಕ್ಯೂಟ್ ತುಂಬಾ ಒಳ್ಳೆಯದು. ಆದರೆ ಬೋರ್ಡ್ ಜೊತೆ ಬರುವ ಸೆಟ್ಟಿಂಗನ್ನು ಹಾಗೇ ಬಿಡಬೇಡಿ.

ಇದು ಮಾಡುವ ಕೆಲಸ ಸರಳ. ವೋಲ್ಟೇಜ್ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುತ್ತದೆ, ಮತ್ತೆ ಏರಿದ ಮೇಲೆ ಬಿಡುತ್ತದೆ. ಅಂಚಿನಲ್ಲಿ ಸುಮ್ನೆ ಪದೇ ಪದೇ ರೀಸೆಟ್ ಆಗದಿರಲಿ ಎಂದು ಸುಮಾರು 50 ಮಿಲಿವೋಲ್ಟ್ ಹಿಸ್ಟರಿಸಿಸ್ (ಹಿಡಿಯುವ ಮತ್ತು ಬಿಡುವ ಮಟ್ಟಗಳ ನಡುವಿನ ಅಂತರ) ಕೊಟ್ಟಿದ್ದಾರೆ. ಪವರ್ ಪೂರ್ತಿ ಹೋದರೆ ಚಿಪ್ ನಿಂತುಹೋಗುತ್ತದೆ, ಅಷ್ಟೇ. ಅರ್ಧಂಬರ್ಧ ಇದ್ದಾಗಲೇ ತೊಂದರೆ. ಆಗ ಸಿಪಿಯು ಇನ್‌ಸ್ಟ್ರಕ್ಷನ್‌ಗಳನ್ನು ತಪ್ಪಾಗಿ ನಡೆಸಬಹುದು, ಇಇಪಿರಾಮ್‌ನಲ್ಲಿರುವ (ಪವರ್ ಹೋದರೂ ಉಳಿಯುವ ಮೆಮೊರಿ) ಡೇಟಾ ಕೆಡಬಹುದು. ಚಿಪ್ ತಯಾರಕರ ಕೈಪಿಡಿಯಾದ ಡೇಟಾಶೀಟ್‌ನಲ್ಲೇ ಈ ಎಚ್ಚರಿಕೆ ಇದೆ.

ಫ್ಯೂಸ್‌ನಲ್ಲಿ, ಅಂದರೆ ಪವರ್ ಹೋದರೂ ಉಳಿಯುವ ಚಿಪ್‌ನ ಸೆಟ್ಟಿಂಗ್ ಬಿಟ್‌ಗಳಲ್ಲಿ, ಸಿಗುವ ಮಟ್ಟಗಳು ಮೂರೇ: 1.8, 2.7 ಮತ್ತು 4.3 ವೋಲ್ಟ್. ಊನೋ 2.7ಕ್ಕೆ ಸೆಟ್ ಆಗಿ ಬರುತ್ತದೆ. ಈಗ ಡೇಟಾಶೀಟ್‌ನ ವೇಗ–ವೋಲ್ಟೇಜ್ ಗ್ರಾಫ್ ನೋಡಿ. 10 ಮೆಗಾಹರ್ಟ್ಸ್‌ಗೆ 2.7 ವೋಲ್ಟ್ ಸಾಕು, 20ಕ್ಕೆ 4.5 ಬೇಕು, ನಡುವೆ ನೇರ ಗೆರೆ. ಊನೋ ಓಡುವ 16 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಸುಮಾರು 3.8 ವೋಲ್ಟ್ ಬರುತ್ತದೆ. ಅಂದರೆ 3.8ರಿಂದ 2.7ರವರೆಗೆ ಚಿಪ್ ತನ್ನ ಮಿತಿಯಾಚೆ ಓಡುತ್ತಿರುತ್ತದೆ, ಡಿಟೆಕ್ಟರ್ ನೋಡುತ್ತಾ ಕೂತಿರುತ್ತದೆ. ಒಂದು ವೋಲ್ಟ್‌ಗಿಂತ ಜಾಸ್ತಿ ಕಾವಲಿಲ್ಲದ ಜಾಗ ಅಲ್ವಾ ಇದು!

ಹಾಗಾದರೆ 4.3ಕ್ಕೆ ಹಾಕಿದರೆ ಆಯ್ತಾ? ಸುರಕ್ಷತೆ ಮಟ್ಟಿಗೆ ಹೌದು. ಆದರೆ ಆ ಮಟ್ಟ ಒಂದು ಚಿಪ್‌ನಿಂದ ಇನ್ನೊಂದಕ್ಕೆ 4.1ರಿಂದ 4.5ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸಣಕಲು ಯುಎಸ್‌ಬಿ ಕೇಬಲ್, ಜೊತೆಗೆ ಒಂದು ಸರ್ವೋ ಮೋಟರ್ ಇದ್ದರೆ ರೀಸೆಟ್ ಮೇಲೆ ರೀಸೆಟ್. ಇಂಥ ಹೊತ್ತಿನಲ್ಲಿ ಹಲವರು ಡಿಟೆಕ್ಟರ್ ಅನ್ನೇ ಆಫ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ನಿಜವಾದ ದೂರನ್ನೇ ಹೇಳುತ್ತಿದೆ. ಮೋಟರ್‌ಗೆ ಬೇರೆ ಸಪ್ಲೈ ಕೊಡಿ, ಚಿಪ್‌ನ ಪವರ್ ಪಿನ್ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಡಿ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ದಾರಿ: 8 ಮೆಗಾಹರ್ಟ್ಸ್, 2.7 ವೋಲ್ಟ್ ಮಟ್ಟ. ಈ ವೇಗಕ್ಕೆ 2.4 ವೋಲ್ಟ್ ಸಾಕು. 2.7ರ ಮಟ್ಟ ಕೆಳಗೆ ಎಂದರೆ 2.5ಕ್ಕೆ ಇಳಿಯಬಹುದು, ಹಾಗಾಗಿ ಕಾವಲಿಲ್ಲದ ಜಾಗವೇ ಉಳಿಯುವುದಿಲ್ಲ. ಸೆನ್ಸರ್ ಓದುವ ಕೆಲಸಕ್ಕೆ ಅರ್ಧ ವೇಗ ಧಾರಾಳ.

ಬ್ಯಾಟರಿ ವಿಷಯ. ಡಿಟೆಕ್ಟರ್ ಸುಮಾರು 20 ಮೈಕ್ರೋಆಂಪ್ ಎಳೆಯುತ್ತದೆ. ನಿದ್ದೆಯಲ್ಲಿರುವ ಚಿಪ್‌ಗೆ ಇದು ದೊಡ್ಡ ಖರ್ಚು. ನಿದ್ದೆಯ ಹೊತ್ತಿಗೆ ಮಾತ್ರ ಕೋಡ್‌ನಿಂದ ಅದನ್ನು ಆಫ್ ಮಾಡಬಹುದು, ಎದ್ದ ತಕ್ಷಣ ತಾನೇ ಆನ್ ಆಗುತ್ತದೆ. ಏಳುವುದು ಸುಮಾರು 60 ಮೈಕ್ರೋಸೆಕೆಂಡ್ ತಡವಾಗುತ್ತದೆ, ಪರವಾಗಿಲ್ಲ.

ನನ್ನ ದೊಡ್ಡ ಕೊರಗು ಬೇರೆ. ಇದು ಮುನ್ಸೂಚನೆ ಕೊಡುವುದಿಲ್ಲ, ನೇರ ರೀಸೆಟ್. ಎಸ್‌ಟಿಎಂ32ಎಫ್103 ಎಂಬ ಇನ್ನೊಂದು ಚಿಪ್‌ನಲ್ಲಿ ವೋಲ್ಟೇಜ್ ಇಳಿಯುತ್ತಿದೆ ಎಂದು ಇಂಟರಪ್ಟ್ (ಕೋಡ್ ಅನ್ನು ತಡೆದು ಎಚ್ಚರಿಸುವ ಸಂಕೇತ) ಕೊಡುವ ವ್ಯವಸ್ಥೆ ಇದೆ. ಇಲ್ಲಿ ಆ ಕೆಲಸಕ್ಕೆ ಎರಡು ವೋಲ್ಟೇಜ್‌ಗಳನ್ನು ಹೋಲಿಸುವ ಅನಲಾಗ್ ಕಂಪ್ಯಾರೇಟರ್ ಅನ್ನು ನಾವೇ ಹೊಂದಿಸಿಕೊಳ್ಳಬೇಕು. ಮುನ್ಸೂಚನೆ ಸಿಕ್ಕ ಮೇಲೆ ಡೇಟಾ ಉಳಿಸುವಷ್ಟು ಹೊತ್ತು ಚಿಪ್ಪನ್ನು ಓಡಿಸಲು ಕೆಪಾಸಿಟರ್ ಲೆಕ್ಕವೂ ಬೇಕು. ಇಇಪಿರಾಮ್‌ಗೆ ಒಂದು ಬೈಟ್ ಬರೆಯಲು ಸುಮಾರು 3.4 ಮಿಲಿಸೆಕೆಂಡ್ ಹಿಡಿಯುತ್ತದೆ, 16 ಬೈಟ್‌ಗೆ 54. ಸರ್ಕ್ಯೂಟ್ 20 ಮಿಲಿಆಂಪ್ ಎಳೆಯುತ್ತಾ 5ರಿಂದ 4.5 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಇದು ಮುಗಿಯಬೇಕಾದರೆ 2200 ಮೈಕ್ರೋಫ್ಯಾರಡ್ ಬೇಕು, ಅದೂ ಅಂಚಿಗೆ. ಕಡಿಮೆ ಬೈಟ್ ಬರೆಯುವುದೇ ಜಾಣತನ.

ರೀಸೆಟ್ ಯಾಕಾಯ್ತು ಎಂದು ತಿಳಿಯಲು ರೀಸೆಟ್ ಕಾರಣ ದಾಖಲಾಗುವ ಎಂಸಿಯುಎಸ್‌ಆರ್ ರಿಜಿಸ್ಟರ್‌ನಲ್ಲಿ ಬ್ರೌನ್‌ಔಟ್‌ಗೆಂದೇ ಒಂದು ಬಿಟ್ ಇದೆ. ಊನೋದ ಆಪ್ಟಿಬೂಟ್ ಬೂಟ್‌ಲೋಡರ್ (ಚಿಪ್ ಶುರುವಾದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ನಿಮ್ಮ ಕೋಡ್‌ಗಿಂತ ಮೊದಲೇ ಅದನ್ನು ಅಳಿಸಿಬಿಡುತ್ತದೆ. ಬೂಟ್‌ಲೋಡರ್ ಇಲ್ಲದೆ ಪ್ರೋಗ್ರಾಮರ್ ಎಂಬ ಸಾಧನದಿಂದ ನೇರವಾಗಿ ಕೋಡ್ ಹಾಕಿದರೆ ಆ ಬಿಟ್ ಹಾಗೇ ಸಿಗುತ್ತದೆ. ಫ್ಯೂಸ್ ಬದಲಿಸಲು ಹೇಗೂ ಪ್ರೋಗ್ರಾಮರ್ ಬೇಕೇ ಬೇಕು.