ಐಕ್ಯತಾ ವಾರಕ್ಕೆ 2013ರ ಪ್ರಾರ್ಥನಾ ಕೈಪಿಡಿ: ನಮ್ಮ ಕಡೆಯ ಸಭೆಗಳಿಗೆ ಇದೇ ಹೊಂದುತ್ತದೆ

ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಪ್ರಾರ್ಥನಾ ವಾರಕ್ಕೆ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಮತ್ತು ವ್ಯಾಟಿಕನ್ ಸೇರಿ ಪ್ರತಿವರ್ಷ ಹೊಸ ಕೈಪಿಡಿ ತರುತ್ತವೆ. ಹಣ ಕೊಡಬೇಕಿಲ್ಲ, ಹಳೆಯ ವರ್ಷಗಳದ್ದೂ ಜಾಲತಾಣದಲ್ಲಿ ಸಿಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕ್ರೈಸ್ತ ಸಭೆಗಳು (ಚರ್ಚುಗಳು) ಕೂಡಿ ಪ್ರಾರ್ಥಿಸಲು ಯಾವುದನ್ನು ಆರಿಸಬೇಕು ಎಂದರೆ, ಹೊಸದನ್ನು ಬದಿಗಿಟ್ಟು 2013ರದ್ದನ್ನೇ ಆರಿಸಿ.

ಅದು ಭಾರತದಲ್ಲಿ ತಯಾರಾದದ್ದು. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆ ತನ್ನ ನೂರನೇ ವರ್ಷದ ಸಂದರ್ಭದಲ್ಲಿ ಇದನ್ನು ಬರೆದುಕೊಟ್ಟಿತು. ಆಧಾರ ವಾಕ್ಯ ಮೀಕ 6:6-8, ದೇವರು ನಮ್ಮಿಂದ ಕೇಳುವುದೇನು ಎಂಬ ಪ್ರಶ್ನೆ. ದಲಿತ ಕ್ರೈಸ್ತರ ನೋವನ್ನು ಮುಚ್ಚುಮರೆಯಿಲ್ಲದೆ ನಡುವೆ ಇಟ್ಟು, ಜಾತಿ ಸಭೆಯನ್ನು ಒಡೆಯುತ್ತದೆ ಎಂದು ನೇರವಾಗಿ ಹೇಳುತ್ತದೆ. ನಮ್ಮ ಕಡೆ ಇದು ಯಾಕೆ ಮುಖ್ಯ? 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನ್ನಿನ ಕೆಲಸ ಮುಂದೆ ಮೆಥಡಿಸ್ಟರ ಕೈಗೆ ಹೋಯಿತು, ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ನೆಲೆಯೂರಿತು, ಬೆಳಗಾವಿ ಕಥೋಲಿಕ ಧರ್ಮಪ್ರಾಂತ್ಯ 1953ರಲ್ಲಿ ಆಯಿತು. ಬಹಳ ಮನೆತನಗಳು ಸಿದ್ಧಾಂತ ತೂಗಿನೋಡಿ ಸಭೆ ಆರಿಸಿಕೊಂಡವಲ್ಲ, ಊರಿಗೆ ಯಾವ ಮಿಷನ್ ಬಂತೋ ಆ ಸಭೆಯವರಾದರು. ಜಾತಿಯ ಗೋಡೆ ಮಾತ್ರ ಎಲ್ಲ ಸಭೆಗಳ ಒಳಗೂ ಹಾದುಹೋಗಿದೆ. ಅದರ ಮುಂದೆ ಎಲ್ಲರೂ ಒಟ್ಟಿಗೆ ಮೊಣಕಾಲೂರಬಹುದು.

2025ರ ಕೈಪಿಡಿಯೂ ಒಳ್ಳೆಯದೇ. ಕ್ರಿ.ಶ. 325ರಲ್ಲಿ ಬಿಷಪರು ಸೇರಿದ ನಿಕೇಯ ಸಮ್ಮೇಳನಕ್ಕೆ 1700 ವರ್ಷ ತುಂಬಿದ ನೆನಪಿಗೆ ಇಟಲಿಯ ಬೋಸೆ ಆಶ್ರಮದವರು ಸಿದ್ಧಮಾಡಿದ್ದು. ಆದರೆ ಅದು ಆರಾಧನೆಯಲ್ಲಿ ಒಟ್ಟಿಗೆ ಹೇಳುವ ನಿಕೇಯ ವಿಶ್ವಾಸ ಪ್ರಮಾಣದ ಸುತ್ತ ಹೆಣೆದದ್ದು. ಬರೆದ ಪ್ರಾರ್ಥನೆಯ ರೂಢಿಯೇ ಇಲ್ಲದ ಪೆಂಟೆಕೊಸ್ಟಲ್ ಸಭೆಯವರಿಗೆ ಅಲ್ಲಿ ಬಾಯಿ ಬಿಡಲು ಜಾಗ ಕಡಿಮೆ.

2013ರದ್ದರಲ್ಲಿ ಒಂದು ಪೂರ್ಣ ಆರಾಧನಾ ಕ್ರಮ ಮತ್ತು ಎಂಟು ದಿನಗಳ ಧ್ಯಾನಗಳಿವೆ. ಪ್ರತಿ ದಿನಕ್ಕೂ ಬೈಬಲ್ ವಾಚನ, ಚಿಕ್ಕ ವಿವರಣೆ, ಪ್ರಾರ್ಥನೆ, ಕೆಲವು ಪ್ರಶ್ನೆಗಳು. ಎಂಟೂ ದಿನ ಜನ ಸೇರುವುದು ಕಷ್ಟ. ಮೂರೇ ಸಂಜೆ ಸಾಧ್ಯವಾದರೆ ಎರಡನೆಯ ದಿನ (ಕ್ರಿಸ್ತನ ಮುರಿದ ದೇಹ), ಆರನೆಯ ದಿನ (ಅಡ್ಡಗೋಡೆಗಳಾಚೆ), ಎಂಟನೆಯ ದಿನ (ಸಂಭ್ರಮ) ಇಟ್ಟುಕೊಳ್ಳಿ. ಇಂಗ್ಲಿಷಿನಿಂದ ನೀವೇ ಕನ್ನಡಕ್ಕೆ ತರಬೇಕು. ಸ್ಥಳೀಯವಾಗಿ ಬದಲಿಸಿಕೊಳ್ಳಿ ಎಂದು ತಯಾರಕರೇ ಹೇಳಿರುವುದರಿಂದ ಅಂಜಬೇಕಿಲ್ಲ. ಹಲಗೆ ಬಾರಿಸುವವರು ಸಭೆಯಲ್ಲಿದ್ದರೆ ಪ್ರವೇಶದ ಕೀರ್ತನೆಗೆ ಅವರನ್ನೇ ಮುಂದೆ ನಿಲ್ಲಿಸಿ. ಈ ವಿಷಯಕ್ಕೆ ಅದಕ್ಕಿಂತ ತಕ್ಕ ವಾದ್ಯವಿಲ್ಲ.

ಕೆಲಸ ಕೆಡುವುದು ಮುಖ್ಯವಾಗಿ ಕರ್ತನ ಮೇಜಿನ, ಅಂದರೆ ಪ್ರಭುಭೋಜನದ, ಹತ್ತಿರ. ಕೈಪಿಡಿಯಲ್ಲಿರುವುದು ವಾಕ್ಯದ ಆರಾಧನೆ (ಬೈಬಲ್ ವಾಚನ, ಪ್ರಾರ್ಥನೆ), ರೊಟ್ಟಿ-ದ್ರಾಕ್ಷಾರಸವಿಲ್ಲ. ಇದು ಬೇಕೆಂದೇ ಮಾಡಿದ್ದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಮೆಥಡಿಸ್ಟರು ಒಂದೇ ಮೇಜಿಗೆ ಬರಬಲ್ಲರು, ಕಥೋಲಿಕರಿಗೆ ಅವರ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಕೊನೆಯಲ್ಲಿ ಯಾರಾದರೂ ಉತ್ಸಾಹದಿಂದ "ಎಲ್ಲರೂ ಬನ್ನಿ" ಎಂದು ಪ್ರಭುಭೋಜನಕ್ಕೆ ಕರೆದರೆ ಅರ್ಧ ಜನ ಬೆಂಚಿನಲ್ಲೇ ಉಳಿಯುತ್ತಾರೆ, ಆ ನೋವು ಮುಂದಿನ ವರ್ಷದವರೆಗೂ ಹೋಗುವುದಿಲ್ಲ. ತಯಾರಿ ಸಭೆಯಲ್ಲೇ ಇದನ್ನು ಮಾತಾಡಿ ಮುಗಿಸಿ. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ ಎಂಬ ಪ್ರಶ್ನೆಯೂ ಹಾಗೆಯೇ: ಒಪ್ಪದಿರುವುದನ್ನು ಒಬ್ಬರಿಗೊಬ್ಬರು ಎದುರಾಬದುರು ಹೇಳಿಕೊಳ್ಳಲಿ, ಪ್ರಸಂಗಪೀಠದಿಂದ ಬೇಡ.

ಕರ್ತನ ಪ್ರಾರ್ಥನೆಯ ಪಠ್ಯವನ್ನು ಹಾಳೆಯಲ್ಲಿ ಅಚ್ಚುಹಾಕಿಸಿ. ಕಥೋಲಿಕರು ಕೇಡಿನಿಂದ ರಕ್ಷಿಸು ಎಂಬಲ್ಲಿ ನಿಲ್ಲುತ್ತಾರೆ, ಉಳಿದವರು ರಾಜ್ಯ, ಬಲ, ಮಹಿಮೆ ಎಂದು ಮುಂದುವರಿಯುತ್ತಾರೆ. ಹಾಳೆ ಇಲ್ಲದಿದ್ದರೆ ಅಲ್ಲೇ ಗೊಂದಲ. ಸ್ವಂತ ಮಾತಿನ ಪ್ರಾರ್ಥನೆಗೆ ಹತ್ತು ನಿಮಿಷ ಬಿಟ್ಟುಕೊಡಿ, ಪ್ರಸಂಗ ಒಂದೇ ಇರಲಿ. ಪ್ರತಿ ಸಭೆಯ ಪಾಸ್ಟರಿಗೂ ಫಾದರಿಗೂ ಒಂದೊಂದು ಸಂದೇಶ ಕೊಟ್ಟರೆ ಎರಡು ಗಂಟೆ ದಾಟುತ್ತದೆ, ಹಳ್ಳಿಯಿಂದ ಬಂದವರಿಗೆ ಕೊನೆಯ ಬಸ್ಸು ತಪ್ಪುತ್ತದೆ. ಕಾಣಿಕೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಪ್ರಕಟಿಸಿ.

ಕೈಪಿಡಿಯ ದೊಡ್ಡ ಕೊರತೆ ಅದರ ಪ್ರಶ್ನೆಗಳಲ್ಲಿದೆ. ಅವು ವಿದ್ಯಾರ್ಥಿ ಕೂಟಗಳಿಗೆ ಚೆನ್ನ, ಸಂಸಾರಸ್ಥರಿಗೆ ದೂರ. ಇಂದಿನ ಒತ್ತಡ ಬೇರೆ ಬಾಗಿಲಿನಿಂದ ಬರುತ್ತಿದೆ: ಸಾಲಮಾಡಿ ಮಾಡುವ ಮದುವೆ, ಬೇರೆ ಹೆಸರಿನಲ್ಲಿ ಕೇಳುವ ವರದಕ್ಷಿಣೆ, ಇನ್ನೊಂದು ಸಭೆಯವರನ್ನು ಹಳಿಯುವ ಯೂಟ್ಯೂಬ್ ಪ್ರಸಂಗಗಳು, ಪುಣೆ-ಬೆಂಗಳೂರಿಗೆ ಹೋದ ಮೇಲೆ ಸಭೆಯ ನಂಟು ಕಳೆದುಕೊಳ್ಳುವ ಮಕ್ಕಳು. ಆರನೆಯ ದಿನದ ಪ್ರಶ್ನೆಗಳನ್ನು ತೆಗೆದು ಇವನ್ನು ಹಾಕಿ. ಬೇರೆ ಬೇರೆ ಸಭೆಯವರು ಬೆರೆಯುವಂತೆ ಆರೇಳು ಜನರ ಗುಂಪು ಮಾಡಿ ಕೂರಿಸಿ. ನಮ್ಮ ಸಮಾಧಿ ನೆಲದಲ್ಲಿ ಎಲ್ಲರಿಗೂ ಜಾಗವಿದೆಯೇ, ಮಗಳ ಸಂಬಂಧಕ್ಕೆ ಜಾತಿ ಕೇಳುತ್ತೇವೆಯೇ ಎಂಬ ಪ್ರಶ್ನೆ ಎತ್ತಿದಾಗ ಮೌನ ಬಂದರೆ ತಡೆಯಬೇಡಿ, ಹಾಡು ಹೇಳಿ ಮುಚ್ಚಲೂಬೇಡಿ.

ಇನ್ನು ದಿನಾಂಕ. ಜನವರಿಯಲ್ಲಿ ಕಬ್ಬಿನ ಕಟಾವಿನ ಭರಾಟೆ. ವಿಜಯಪುರ ಕಡೆಯ ಹಳ್ಳಿಗಳಲ್ಲಿ ದುಡಿಯುವವರು ಗುಳೆ ಹೋಗಿರುತ್ತಾರೆ, ಸಭೆಯಲ್ಲಿ ಮುದುಕರು, ಮಕ್ಕಳು ಅಷ್ಟೇ. ಅಂಥ ಕಡೆ ಪಂಚಾಶತ್ತಮ ಹಬ್ಬದ (ಈಸ್ಟರಿನಿಂದ ಐವತ್ತನೆಯ ದಿನ, ಪೆಂಟೆಕೋಸ್ಟ್) ಆಸುಪಾಸಿನ ವಾರ ಹಿಡಿಯಿರಿ. ಭೂಮಿಯ ದಕ್ಷಿಣಾರ್ಧದ ಸಭೆಗಳಲ್ಲಿ ಈ ರೂಢಿಯಿದೆ. ಕಟಾವು ಮುಗಿಸಿದ ಗ್ಯಾಂಗುಗಳು ಆ ಹೊತ್ತಿಗೆ ಊರು ಸೇರಿರುತ್ತವೆ. ಹಬ್ಬ ಜೂನಿಗೆ ಬಿದ್ದ ವರ್ಷ ಮಾತ್ರ ಬಿತ್ತನೆಯ ಹದ ನೋಡಿಕೊಂಡು ಸಂಜೆಗಳನ್ನು ಗೊತ್ತುಮಾಡಿ.