ಹಳೆಯ ಡ್ರಮ್ ಯಂತ್ರದ ಚಿಪ್‌ನಿಂದ ಧ್ವನಿ ತೆಗೆಯುವುದು: ಮೂರು ದಾರಿಗಳ ಹೋಲಿಕೆ

1982ರ ಲಿನ್‌ಡ್ರಮ್‌ನಂತಹ ಡ್ರಮ್ ಯಂತ್ರಗಳ ಧ್ವನಿಯೆಲ್ಲ ಇಪ್ರೋಮ್ ಎಂಬ, ಅಳಿಸಿ ಮತ್ತೆ ಬರೆಯಬಹುದಾದ ನೆನಪಿನ ಚಿಪ್‌ಗಳಲ್ಲಿದೆ. ಚಿಪ್‌ನ ನೆತ್ತಿಯ ಮೇಲಿನ ಗಾಜಿನ ಕಿಟಕಿಯ ಮೂಲಕ ಅತಿನೇರಳೆ ಕಿರಣ ಬಿದ್ದರೆ ಬರೆದದ್ದು ಅಳಿಯುತ್ತದೆ. ಇಂಟೆಲ್‌ನ 2716 ಚಿಪ್‌ನ ಮಾಹಿತಿಪತ್ರದ ಪ್ರಕಾರ ನೇರ ಬಿಸಿಲಿನಲ್ಲಿ ಒಂದು ವಾರ ಸಾಕು, ಟ್ಯೂಬ್‌ಲೈಟಿನ ಕೆಳಗೆ ಸುಮಾರು ಮೂರು ವರ್ಷ. ಕಿಟಕಿಗೆ ಪಟ್ಟಿ ಅಂಟಿಸಿದ್ದರೂ ಒಳಗಿನ ವಿದ್ಯುದಾವೇಶ ದಶಕಗಳಲ್ಲಿ ನಿಧಾನವಾಗಿ ಸೋರುತ್ತದೆ. ಆದ್ದರಿಂದ ಇಂಥ ಯಂತ್ರ ಕೈಗೆ ಬಂದವರು ಮೊದಲು ಮಾಡಬೇಕಾದದ್ದು ನಕಲು ತೆಗೆಯುವ ಕೆಲಸ.

ಮೊದಲ ದಾರಿ, ಟಿಎಲ್866-2 ಪ್ಲಸ್ ಎಂಬ ಸಿದ್ಧ ಪ್ರೋಗ್ರಾಮರ್, ಅಂದರೆ ಚಿಪ್ ಓದುವ, ಬರೆಯುವ ಉಪಕರಣ, ಎಲ್ಲಕ್ಕಿಂತ ಸುಲಭ. ಚಿಪ್ಪನ್ನು ಸಾಕೆಟ್‌ನಲ್ಲಿಟ್ಟು, ತಂತ್ರಾಂಶದ ಪಟ್ಟಿಯಿಂದ ಅದರ ಸಂಖ್ಯೆ ಆರಿಸಿದರೆ ಕ್ಷಣದಲ್ಲಿ ಫೈಲ್ ಸಿಗುತ್ತದೆ. ಚಿಪ್‌ನ ಗುರುತು ಪರಿಶೀಲಿಸುವ ಐಡಿ ಪರೀಕ್ಷೆಯನ್ನು ಮಾತ್ರ ತೆಗೆದುಹಾಕಿ. ಅದು ಚಿಪ್‌ನ ಎ9 ಎಂಬ ಕಾಲಿಗೆ (ಪಿನ್‌ಗೆ) 12 ವೋಲ್ಟ್ ಕೊಡುತ್ತದೆ, ಮುದಿ ಚಿಪ್‌ಗೆ ಆ ಹೊರೆ ಬೇಡ. ಇದು 18 ವೋಲ್ಟ್‌ಗಿಂತ ಮೇಲೆ ಹೋಗದ ಕಾರಣ 25 ವೋಲ್ಟ್ ಬೇಡುವ 2732 ಎಂಬ ಇಪ್ರೋಮ್‌ಗೆ ಹೊಸದಾಗಿ ಬರೆಯಲು ಆಗುವುದಿಲ್ಲ. ಓದಲು ತೊಂದರೆಯಿಲ್ಲ.

ಆರ್ಡುಯಿನೋ ಮೆಗಾ ಎಂಬ ಪುಟ್ಟ ಗಣಕ ಬೋರ್ಡಿನಿಂದ ನಾವೇ ಕಟ್ಟಿಕೊಳ್ಳುವ ರೀಡರ್ ಎರಡನೆಯದು. 2732ಕ್ಕೆ 12 ವಿಳಾಸದ ತಂತಿ, 8 ಡೇಟಾ ತಂತಿ, ಎರಡು ನಿಯಂತ್ರಣದ ತಂತಿ ಸಾಕು. ಬೇಕಾದ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ತಂತಿ ಜೋಡಿಸಲು ಒಂದು ಸಂಜೆ ಹೋಗುತ್ತದೆ, ಓದುವುದೂ ನಿಧಾನ. ಆದರೂ ಸಾಯುತ್ತಿರುವ ಚಿಪ್ ಎದುರಿಗಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಕಾರಣ ಇದು: ಆವೇಶ ಸೋರಿದಾಗ ಸೊನ್ನೆಯಾಗಿದ್ದ ಬಿಟ್ '1' ಆಗಿ ಕಾಣಿಸತೊಡಗುತ್ತದೆ. ಚಿಪ್‌ಗೆ ಕೊಡುವ ವೋಲ್ಟೇಜ್ ತಗ್ಗಿಸಿದರೆ ಅಂಥ ದುರ್ಬಲ ಬಿಟ್ ಮತ್ತೆ ಸೊನ್ನೆಯಾಗಿ ಓದಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಚಿಪ್‌ಗೆ ಪ್ರತ್ಯೇಕ ವಿದ್ಯುತ್ ಪೂರೈಕೆ ಕೊಟ್ಟು, ಡೇಟಾ ತಂತಿಗಳ ನಡುವೆ 74ಎಚ್‌ಸಿಟಿ245 ಎಂಬ ಬಫರ್ ಚಿಪ್ ಇಟ್ಟು, 5 ವೋಲ್ಟ್‌ನಿಂದ 4.5ರ ಕಡೆಗೆ ಮೆಲ್ಲಗೆ ಇಳಿಸುತ್ತಾ ಪ್ರತಿ ಹಂತದಲ್ಲೂ ಓದಿ ಫೈಲ್‌ಗಳನ್ನು ಹೋಲಿಸುತ್ತೇನೆ. ಪ್ರತಿ ಓದಿಗೂ ಬೇರೆಯಾಗುತ್ತಿದ್ದ ಬೈಟ್‌ಗಳು ಒಂದು ಹಂತದಲ್ಲಿ ನೆಲೆ ನಿಲ್ಲುವುದನ್ನು ಕಂಡಾಗ ಆಗುವ ಸಂತೋಷ ದೊಡ್ಡದು.

ಮೂರನೆಯದು ಚಿಪ್ಪನ್ನು ಮುಟ್ಟದೆ, ಯಂತ್ರದ ಔಟ್‌ಪುಟ್‌ನಿಂದಲೇ ಧ್ವನಿಮುದ್ರಿಸುವುದು. ಲಿನ್‌ಡ್ರಮ್‌ನ ಟಾಮ್, ಕಾಂಗಾ ಧ್ವನಿಗಳು ಸಿಇಎಂ3320 ಫಿಲ್ಟರ್ ಹಾದು ಬರುತ್ತವೆ. ಆ ದುಂಡುತನ ಚಿಪ್‌ನಲ್ಲಿ ಇಲ್ಲವೇ ಇಲ್ಲ. ಹಾಡಿನಲ್ಲಿ ಬಳಸಲು ಇದೇ ಸೊಗಸು. ಆದರೆ ನಾಳೆ ಚಿಪ್ ಕೆಟ್ಟರೆ ಈ ಧ್ವನಿಮುದ್ರಣದಿಂದ ಹೊಸ ಚಿಪ್ ಬರೆಯಲಾಗದು. ಸಂರಕ್ಷಣೆ ಎಂದು ಇದನ್ನು ಕರೆಯಲು ನಾನು ಒಪ್ಪುವುದಿಲ್ಲ.

ಫೈಲ್ ಸಿಕ್ಕ ಮೇಲೂ ಅದನ್ನು ಧ್ವನಿಯಾಗಿಸುವ ಕೆಲಸ ಉಳಿದಿರುತ್ತದೆ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಕಚ್ಚಾ ಡೇಟಾವನ್ನು ಮ್ಯೂ-ಲಾ (ಧ್ವನಿಯನ್ನು ಎಂಟು ಬಿಟ್‌ಗೆ ಕುಗ್ಗಿಸುವ ಪದ್ಧತಿ) ಎಂದು ತೆರೆಯುವುದು ಎಲ್ಲರಿಗೂ ಹೊಳೆಯುವ ದಾರಿ, ಆದರೆ ಕೇಳಿಸುವುದು ಕರ್ಕಶ ಗದ್ದಲ. ದೂರವಾಣಿಯ ಮ್ಯೂ-ಲಾ ಪದ್ಧತಿಯಲ್ಲಿ ಬಿಟ್‌ಗಳನ್ನು ತಿರುಗುಮುರುಗು ಮಾಡಿ, ಅಂದರೆ ಸೊನ್ನೆಯನ್ನು 1 ಆಗಿ, 1 ಅನ್ನು ಸೊನ್ನೆಯಾಗಿ ಬರೆಯುತ್ತಾರೆ. ಲಿನ್‌ನ ಯಂತ್ರಗಳಲ್ಲಿ ಡೇಟಾವನ್ನು ಧ್ವನಿಯಾಗಿಸುವ ಎಎಂ6070 ಚಿಪ್ ಹಾಗೆ ಅಪೇಕ್ಷಿಸುವುದಿಲ್ಲ. ಹೀಗಾಗಿ ಮೌನವೇ ಅತಿ ಜೋರಾದ ಸದ್ದಾಗಿಬಿಡುತ್ತದೆ. ಪೈಥಾನ್‌ನಲ್ಲಿ ಪ್ರತಿ ಬೈಟಿನ ಕೆಳಗಿನ ಏಳು ಬಿಟ್‌ಗಳನ್ನು ಹೀಗೆ ತಿರುಗುಮುರುಗು ಮಾಡುವ ನಾಲ್ಕು ಸಾಲು ಬರೆದು, ಆಮೇಲೆ ಆಡಾಸಿಟಿಗೆ ಕೊಟ್ಟರೆ ಡ್ರಮ್ ಸ್ಪಷ್ಟವಾಗಿ ಮೊಳಗುತ್ತದೆ. ನಾನು ಈಗ ಹೀಗೆಯೇ ಮಾಡುತ್ತೇನೆ.

ಎಷ್ಟು ವೇಗದಲ್ಲಿ ನುಡಿಸಬೇಕೆಂಬ ಗುರುತು ಚಿಪ್‌ನಲ್ಲಿ ಇರುವುದಿಲ್ಲ. 2732ರ 4096 ಬೈಟ್‌ಗಳನ್ನು 28 ಕಿಲೋಹರ್ಟ್ಸ್‌ನಲ್ಲಿ ನುಡಿಸಿದರೆ ಸೆಕೆಂಡಿನ ಏಳನೇ ಒಂದು ಭಾಗದಷ್ಟೇ ಸದ್ದು. ಯಂತ್ರದಲ್ಲಿ ಶ್ರುತಿಯ ಗುಂಡಿ ತಿರುಗಿಸಿದರೆ ಬದಲಾಗುವುದು ಈ ವೇಗವೇ. ಇಲ್ಲಿ ಮೂರನೆಯ ದಾರಿಯ ಧ್ವನಿಮುದ್ರಣ ನೆರವಿಗೆ ಬರುತ್ತದೆ: ಅದನ್ನು ಪಕ್ಕದಲ್ಲಿಟ್ಟು, ಎರಡರ ಶ್ರುತಿ ಕೂಡುವವರೆಗೆ ನುಡಿಸುವ ವೇಗವನ್ನು, ಅಂದರೆ ಮಾದರಿ ದರವನ್ನು, ಹೊಂದಿಸುತ್ತೇನೆ. ಆ ದರವನ್ನು ಫೈಲಿನ ಹೆಸರಿನಲ್ಲೇ ಬರೆದಿಡುತ್ತೇನೆ, ಮೂಲ ಡೇಟಾ ಫೈಲನ್ನೂ ಅದರ ಜೊತೆಗೆ ಉಳಿಸುತ್ತೇನೆ.