ಮೋರಿಸ್ ಮೈನರ್‌ಗೆ ಓಮ್ನಿಯ ಹಿಂದಿನ ಶಾಕ್ ಹಾಕಿಸಿದೆ

ನಮ್ಮ ಮನೆಯ 1955ರ ಮೋರಿಸ್ ಮೈನರ್ ಕಾರಿನಲ್ಲಿ ಹಿಂದೆ ಕೂತವರು ಹಂಪ್ ದಾಟಿದ ಮೇಲೂ ಮೂರು ನಾಲ್ಕು ಸಲ ಮೇಲೆ ಕೆಳಗೆ ಕುಣಿಯುತ್ತಿದ್ದರು. ಕಾರಣ ಹಳೇ ಲಿವರ್ ಆರ್ಮ್ ಶಾಕ್, ಅಂದರೆ ಸ್ಪ್ರಿಂಗ್ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್. ಈಗಿನವುಗಳ ಥರ ಉದ್ದ ಕೊಳವೆಯಲ್ಲ, ಎಣ್ಣೆ ತುಂಬಿದ ಡಬ್ಬಿ, ಅದಕ್ಕೊಂದು ತೋಳು. ತೋಳು ತಿರುಗುವ ಜಾಗದಲ್ಲಿ ಸೀಲ್ ಹೋದರೆ ಎಣ್ಣೆಯೆಲ್ಲ ಸೋರಿ ಹೋಗುತ್ತದೆ. ಎರಡು ಸಲ ರಿಪೇರಿ ಮಾಡಿಸಿದೆ, ಆರು ತಿಂಗಳೂ ಬಾಳಲಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರದ ಒಂದು ಸಣ್ಣ ಗ್ಯಾರೇಜಿನವರು, "ಮಾರುತಿ ಓಮ್ನಿಯ ಹಿಂದಿನ ಶಾಕ್ ಕೂರಿಸೋಣ ಸಾರ್" ಅಂದರು. ಯೋಚಿಸಿದರೆ ಸರಿಯಾದ ಮಾತೇ. ಓಮ್ನಿಗೂ ಇದರ ಹಾಗೇ ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ತೂಕವೂ ಹೆಚ್ಚೂಕಮ್ಮಿ ಇದರಷ್ಟೇ. ಜೀಪಿನ ಶಾಕ್ ಹಾಕಿದ್ದರೆ ಇಷ್ಟು ಹಗುರ ಗಾಡಿಗೆ ಗಟ್ಟಿ ಜಾಸ್ತಿಯಾಗಿ ಹಿಂಭಾಗ ಎಗರುತ್ತಿತ್ತು.

ನನಗೆ ತುಂಬಾ ಹಿಡಿಸಿದ್ದು ಅವರು ಅಳತೆ ತೆಗೆದ ರೀತಿ. ಹಿಂದಿನ ಸೀಟಿನಲ್ಲಿ ಮೂರು ಜನರನ್ನು ಕೂರಿಸಿ, ಆಕ್ಸಲ್‌ನಿಂದ ಶಾಕ್‌ನ ಮೇಲಿನ ಬೋಲ್ಟ್ ಬರುವ ಜಾಗದವರೆಗೆ ಟೇಪ್ ಹಿಡಿದರು, ಆಮೇಲೆ ಕಾರಿನ ಬಾಡಿಯ ಕೆಳಗೆ ಜಾಕ್ ಕೊಟ್ಟು ಚಕ್ರ ನೇತಾಡುವಾಗ ಇನ್ನೊಂದು ಸಲ. ಶಾಕ್ ಪೂರ್ತಿ ಮಡಚುವ ಮೊದಲೇ ಆಕ್ಸಲ್ ರಬ್ಬರ್ ಸ್ಟಾಪ್‌ಗೆ ತಾಗಬೇಕು. ಇಲ್ಲದಿದ್ದರೆ ದೊಡ್ಡ ಗುಂಡಿಗೆ ಇಳಿದ ದಿನವೇ ಶಾಕ್ ಹಾಳು. ಮೈನರ್‌ಗೆ ಬೇರೆ ಚಾಸಿಸ್ (ಕೆಳಗಿನ ಚೌಕಟ್ಟು) ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು ಅಲ್ವಾ, ಅದಕ್ಕೇ ಶಾಕ್‌ನ ಮೇಲಿನ ತುದಿ ಹಿಡಿಯುವ ಬ್ರಾಕೆಟ್ ಹಿಂದೆ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿದರು. ವೆಲ್ಡಿಂಗ್ ಮುಟ್ಟಲಿಲ್ಲ. ಶಾಕ್‌ನ ಕೆಳಗಿನ ತುದಿಯನ್ನು ಯು-ಬೋಲ್ಟ್ ಪ್ಲೇಟಿಗೆ, ಅಂದರೆ ಸ್ಪ್ರಿಂಗ್‌ಗೆ ಆಕ್ಸಲ್ ಬಿಗಿಯುವ ಪ್ಲೇಟಿಗೆ, ಕೂರಿಸಿದರು.

ಬೇಜಾರಾದ ವಿಷಯವೂ ಇದೆ. ಮೂರು ದಿನ ಅಂದವರು ಹನ್ನೊಂದು ದಿನ ಮಾಡಿದರು. ಮನೆಗೆ ತಂದ ಮೇಲೆ ಹಿಂದಿನಿಂದ ಕಿರ್ ಕಿರ್ ಸದ್ದು. ಗ್ಯಾರೇಜಿನ ಹುಡುಗ ಚಕ್ರ ನೇತಾಡುತ್ತಿರುವಾಗಲೇ ಶಾಕ್‌ನ ನಟ್ ಬಿಗಿದಿದ್ದ. ಹಾಗೆ ಬಿಗಿದರೆ ಗಾಡಿ ಕೆಳಗಿಳಿದಾಗ ಬುಷ್‌ನ (ಶಾಕ್ ತುದಿಯಲ್ಲಿ ಬೋಲ್ಟ್ ಸುತ್ತ ಇರುವ ಬಳೆ) ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ. ವಾಪಸ್ ಒಯ್ದಾಗ ಮಾಲೀಕರೇ ಕೆಳಗೆ ಮಲಗಿ ನಟ್ ಸಡಿಲಿಸಿ, ಚಕ್ರದ ಮೇಲೆ ಭಾರ ಬಿಟ್ಟು ಮತ್ತೆ ಬಿಗಿದರು. ಸದ್ದು ನಿಂತಿತು, ದುಡ್ಡು ಕೇಳಲಿಲ್ಲ. ನೀವೂ ಮಾಡಿಸಿದರೆ ಈ ಒಂದು ವಿಷಯವನ್ನು ಎದುರಿಗೇ ನಿಂತು ನೋಡಿ.

ಹೋದ ಭಾನುವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಿ ಬಂದೆ. ಹಂಪ್ ಮೇಲೆ ಒಂದೇ ಸಲ ಏರಿ ಇಳಿದು ಗಾಡಿ ನೆಟ್ಟಗೆ ನಿಲ್ಲುತ್ತದೆ. ತಿರುವಿನಲ್ಲಿ ಮಾತ್ರ ಮೊದಲಿನ ಹಾಗೇ ವಾಲುತ್ತದೆ, ಸ್ಪ್ರಿಂಗ್ ಹಳೆಯದೇ ತಾನೇ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ, ಆದರೆ ಶಾಕ್ ಇನ್ನೂ ಸಲೀಸಾಗಿ ಸಿಗುತ್ತಿದೆ. ಇನ್ನೊಂದು ಜೋಡಿ ತಂದಿಟ್ಟಿದ್ದೇನೆ.